ಮನೆಗೇ ಬರುವ ಮೀಲ್ ಕಿಟ್ ದಿನನಿತ್ಯದ ಅಡುಗೆಗೆ ಸರಿಹೋಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೀಲ್ ಕಿಟ್ ತರಿಸಬೇಕೋ ಬೇಡವೋ ಎಂದು ಯೋಚಿಸುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರು ಎರಡನೇ ಪ್ರಶ್ನೆ ಮಾತ್ರ ಓದಿದರೂ ಸಾಕು.

ಮೀಲ್ ಕಿಟ್ ಅಂದರೆ ಸರಿಯಾಗಿ ಏನು? ಪಾರ್ಸೆಲ್ ಊಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪಾರ್ಸೆಲ್‌ನಲ್ಲಿ ಬರುವುದು ಊಟ. ಕಿಟ್‌ನಲ್ಲಿ ಬರುವುದು ಕೆಲಸ, ಆದರೆ ಅರ್ಧ ಮುಗಿದ ಕೆಲಸ. ಒಂದು ಅಡುಗೆಗೆ ಬೇಕಾದ ಸಾಮಾನುಗಳನ್ನು ಅಳೆದು, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ, ಹೇಗೆ ಮಾಡಬೇಕು ಅನ್ನುವ ಕಾರ್ಡ್ ಜೊತೆಗಿಟ್ಟು ಮನೆಗೆ ಕಳಿಸುತ್ತಾರೆ. ಒಲೆ ಹಚ್ಚುವವರು ನೀವೇ.

ಇದರಲ್ಲೂ ಬೇರೆ ಬೇರೆ ಥರ ಇವೆ. ಕೆಲವರು ಇಡೀ ಈರುಳ್ಳಿ, ಇಡೀ ಕ್ಯಾರೆಟ್ ಕಳಿಸುತ್ತಾರೆ. ಸುಲಿದು ಹೆಚ್ಚುವುದು ನಿಮ್ಮ ಪಾಲು. ಕೆಲವರು ಹೆಚ್ಚಿದ ತರಕಾರಿ, ಅರೆದ ಮಸಾಲೆ ಕಳಿಸುತ್ತಾರೆ. ಇನ್ನು ಕೆಲವು ಬಾಕ್ಸ್‌ಗಳಲ್ಲಿ ಬರುವುದು ಬೆಂದ ಊಟವೇ, ಬಿಸಿ ಮಾಡಿದರೆ ಮುಗಿಯಿತು. ಅದನ್ನೂ ಕಿಟ್ ಅಂತ ಮಾರುತ್ತಾರೆ, ಆದರೆ ಅದು ಅಡುಗೆ ಅಲ್ಲ. ಇಲ್ಲಿ ಮಾತಾಡುತ್ತಿರುವುದು ಮೊದಲ ಎರಡರ ಬಗ್ಗೆ, ಅದರಲ್ಲೂ ಹೆಚ್ಚಾಗಿ ನೀವೇ ಹೆಚ್ಚಿಕೊಳ್ಳಬೇಕಾದ ಮೊದಲನೆಯದರ ಬಗ್ಗೆ.

ನೇರವಾಗಿ ಹೇಳಿ: ದಿನದ ಅಡುಗೆಗೆ ಇದು ಪ್ರಯೋಜನವೇ?

ಪ್ರತಿದಿನಕ್ಕೆ ಅಲ್ಲ. ವಾರದಲ್ಲಿ ಎರಡು ಮೂರು ರಾತ್ರಿಗೆ ಇರಬಹುದು. ಅದೂ ಎಲ್ಲರಿಗೂ ಅಲ್ಲ.

ಅಡುಗೆ ಅಂದರೆ ಒಂದೇ ಕೆಲಸ ಅಲ್ಲ, ಅಲ್ವಾ? ಇವತ್ತು ಏನು ಮಾಡುವುದು ಎಂದು ಯೋಚಿಸಬೇಕು. ಮನೆಯಲ್ಲಿ ಏನಿದೆ, ಏನಿಲ್ಲ ನೋಡಬೇಕು. ಇಲ್ಲದ್ದನ್ನು ತರಬೇಕು. ತೊಳೆದು, ಸುಲಿದು, ಹೆಚ್ಚಬೇಕು. ಬೇಯಿಸಬೇಕು. ಆಮೇಲೆ ಪಾತ್ರೆ ತೊಳೆದು, ಒಲೆ ಒರೆಸಿ, ಉಳಿದದ್ದನ್ನು ಎತ್ತಿಡಬೇಕು. ಈ ಸಾಲಿನಲ್ಲಿ ಕಿಟ್ ನಿಮ್ಮಿಂದ ತೆಗೆದುಕೊಳ್ಳುವುದು ಮೊದಲ ಮೂರನ್ನು ಮಾತ್ರ. ಉಳಿದದ್ದೆಲ್ಲ ಹಾಗೇ ಇರುತ್ತದೆ.

ಹಾಗಾಗಿ ಕಿಟ್ ಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು: ನಿಮಗೆ ಸುಸ್ತಾಗುವುದು ಎಲ್ಲಿ? ಸಂಜೆ ಫ್ರಿಜ್ ಬಾಗಿಲು ತೆರೆದು ಏನು ಮಾಡಲಿ ಎಂದು ನಿಂತಾಗಲೇ ಜೀವ ಸಾಕಾಗುತ್ತದೆ ಅನ್ನುವವರಿಗೆ ಕಿಟ್ ನಿಜವಾಗಿ ಸಹಾಯ ಮಾಡುತ್ತದೆ. ಯೋಚನೆಗೇನೂ ತೊಂದರೆ ಇಲ್ಲ, ಹೆಚ್ಚುವುದು, ಪಾತ್ರೆ ತೊಳೆಯುವುದೇ ಬೇಸರ ಅನ್ನುವವರಿಗೆ ಕಿಟ್‌ನಿಂದ ಏನೂ ಸಿಗುವುದಿಲ್ಲ. ದುಡ್ಡು ಕೊಟ್ಟ ಮೇಲೂ ಅದೇ ಸಿಂಕ್, ಅದೇ ಪಾತ್ರೆ ರಾಶಿ.

ಕಿಟ್ ತರಿಸಿ ಬೇಸತ್ತವರಲ್ಲಿ ಬಹಳ ಜನ ಈ ಎರಡನೇ ಗುಂಪಿನವರು ಅನ್ನುವುದು ನನ್ನ ಅನಿಸಿಕೆ. ಕಿಟ್ ಕೆಟ್ಟದ್ದಿತ್ತು ಅಂತಲ್ಲ, ಅವರಿಗೆ ಬೇಕಿದ್ದ ಸಹಾಯವೇ ಬೇರೆ.

ಕಿಟ್ ತರಿಸಿದರೆ ಅಂಗಡಿಗೆ ಹೋಗುವುದು ತಪ್ಪುತ್ತದಾ?

ತಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಮೂರು ಹೊತ್ತಿನಂತೆ ಇಬ್ಬರಿಗೆ ವಾರಕ್ಕೆ 42 ಊಟ. ಇಬ್ಬರಿಗಾಗುವ ಮೂರು ರಾತ್ರಿಯೂಟದ ಕಿಟ್ ತರಿಸಿದರೆ ಅದು 6 ಊಟ, ಅಂದರೆ ಏಳರಲ್ಲಿ ಒಂದು ಪಾಲು. ಉಳಿದ 36ಕ್ಕೆ ಹಾಲು, ಹಣ್ಣು, ಅಕ್ಕಿ, ಮೊಟ್ಟೆ ಎಲ್ಲಾ ತರಲೇಬೇಕು. ಕಿಟ್‌ನ ಅಡುಗೆಗೂ ಎಣ್ಣೆ, ಉಪ್ಪು, ಕಾಳುಮೆಣಸು, ಕೆಲವೊಮ್ಮೆ ಸಕ್ಕರೆ, ಬೆಣ್ಣೆ ನಿಮ್ಮ ಮನೆಯದ್ದೇ. ಇವು ಕಾರ್ಡ್‌ನ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಅಡುಗೆ ಶುರು ಮಾಡಿದ ಮೇಲೆ ಕಣ್ಣಿಗೆ ಬಿದ್ದರೆ ಪೇಚಾಟ, ಮೊದಲೇ ನೋಡಿಕೊಳ್ಳಿ.

ಆದರೆ ಒಂದು ಬದಲಾವಣೆ ಆಗುತ್ತದೆ. ಆಫೀಸಿನಿಂದ ಬರುತ್ತಾ ಏನೋ ಒಂದು ಮರೆತಿದ್ದಕ್ಕೆ ಅಂಗಡಿಗೆ ನುಗ್ಗಿ, ನಾಲ್ಕು ಬೇಡದ ಸಾಮಾನಿನ ಜೊತೆ ಹೊರಬರುವ ಅಭ್ಯಾಸ ಇದೆಯಲ್ಲ, ಅದು ಕಡಿಮೆಯಾಗುತ್ತದೆ. ಅಂಥ ಅಭ್ಯಾಸ ಇರುವವರಿಗೆ ಇದು ಸಣ್ಣ ಉಳಿತಾಯ ಅಲ್ಲ.

ಕಾರ್ಡ್‌ನಲ್ಲಿ 30 ನಿಮಿಷ ಅಂತ ಇದೆ. ನನಗೆ ಯಾಕೆ ಮುಕ್ಕಾಲು ಗಂಟೆ ದಾಟುತ್ತದೆ?

ನಿಮ್ಮ ತಪ್ಪಲ್ಲ. ಆ 30 ನಿಮಿಷ ಕೈ ಪಳಗಿದವರ ಲೆಕ್ಕ. ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ.

ಬಾಕ್ಸ್‌ನಲ್ಲಿ ಎರಡು ಮೂರು ಊಟದ ಸಾಮಾನು ಒಟ್ಟಿಗೆ ಬಂದಿರುತ್ತದೆ. ಮೊದಲು ಇವತ್ತಿನದು ಯಾವುದು ಎಂದು ಹುಡುಕಬೇಕು. ಕೆಲವರು ಊಟಕ್ಕೊಂದು ಚೀಲ ಮಾಡುತ್ತಾರೆ, ಆದರೆ ತಣ್ಣಗಿರಬೇಕಾದದ್ದು ಬೇರೆ ಇರುತ್ತದೆ. ಅದನ್ನು ಫ್ರಿಜ್‌ನಿಂದ ತೆಗೆಯಬೇಕು. ಆಮೇಲೆ ತರಕಾರಿ ತೊಳೆಯಬೇಕು. ಕಾರ್ಡ್‌ನ ಮೊದಲ ಹೆಜ್ಜೆ ನೋಡಿ: ‘ಈರುಳ್ಳಿ ಸುಲಿದು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ ಜಜ್ಜಿ, ಕ್ಯಾರೆಟನ್ನು ಗಾಲಿಯಾಕಾರಕ್ಕೆ ಕತ್ತರಿಸಿ, ಸೊಪ್ಪಿನ ದಂಟು ಬೇರೆ ಎಲೆ ಬೇರೆ ಮಾಡಿ’. ಇಷ್ಟೂ ಸೇರಿ ಒಂದೇ ಹೆಜ್ಜೆ! ಅಡುಗೆ ಶಾಲೆಯಲ್ಲಿ ಕಲಿತವರು ಇದನ್ನು ಐದಾರು ನಿಮಿಷದಲ್ಲಿ ಮುಗಿಸಬಹುದು. ನನ್ನಂಥವರಿಗೆ ಕಾಲು ಗಂಟೆ ಬೇಕು.

ಅಷ್ಟರಲ್ಲಿ ಕೈ ಒದ್ದೆಯಾಗಿರುತ್ತದೆ, ಬಾಣಲೆಯಲ್ಲಿ ಎಣ್ಣೆ ಕಾದಿರುತ್ತದೆ. ಆಗ ಸಾಸ್ ಪ್ಯಾಕೆಟ್ ಹರಿಯಲು ಬರುವುದಿಲ್ಲ. ಹಲ್ಲಿನಿಂದ ಎಳೆದರೆ ಅರ್ಧ ಅಂಗಿಗೆ. ಒಂದೇ ಅಡುಗೆಗೆ ಇಂಥ ಐದಾರು ಪ್ಯಾಕೆಟ್ ಇರುತ್ತವೆ. ಒಲೆ ಹಚ್ಚುವ ಮೊದಲೇ ಎಲ್ಲಾ ಪ್ಯಾಕೆಟ್ ಕತ್ತರಿಯಿಂದ ಕತ್ತರಿಸಿ, ಒಂದು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳಿ. ಇದೊಂದು ಮಾಡಿದರೆ ಕಿಟ್ ಅಡುಗೆಯ ಅರ್ಧ ಗಡಿಬಿಡಿ ಇರುವುದಿಲ್ಲ.

ನೀರು ಕುದಿಯುವ ಸಮಯ, ಓವನ್ ಕಾಯುವ ಸಮಯ ಕಾರ್ಡ್‌ನ ಲೆಕ್ಕದಲ್ಲಿ ಎಷ್ಟೋ ಸಲ ಇರುವುದಿಲ್ಲ. ಮನೆಗೆ ಕಾಲಿಟ್ಟ ತಕ್ಷಣ ನೀರಿಡಿ, ಆಮೇಲೆ ಬಟ್ಟೆ ಬದಲಾಯಿಸಿ. ಕಾರ್ಡ್‌ನ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಂಡರೆ ಹೊಸಬರಿಗೆ ಸರಿಯಾಗುತ್ತದೆ. 30 ಇದ್ದರೆ 45 ಅಂದುಕೊಳ್ಳಿ.

ಖರ್ಚು ಜಾಸ್ತಿಯಾ? ಹೋಲಿಸುವುದು ಹೇಗೆ?

ಅಂಗಡಿಯಿಂದ ಸಾಮಾನು ತಂದು ಮಾಡುವುದಕ್ಕಿಂತ ಜಾಸ್ತಿ. ಇದರಲ್ಲಿ ಅನುಮಾನವೇ ಬೇಡ. ಅಳೆಯುವ, ಪ್ಯಾಕ್ ಮಾಡುವ, ತಣ್ಣಗಿಟ್ಟು ಸಾಗಿಸುವ ಕೂಲಿಯನ್ನು ಯಾರಾದರೂ ಕೊಡಲೇಬೇಕು, ಅದು ನೀವೇ. ಹೋಟೆಲ್‌ನಿಂದ ತರಿಸುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ಕಿಟ್ ಯಾವುದರ ಜಾಗಕ್ಕೆ ಬರುತ್ತಿದೆ ಅನ್ನುವುದೇ ಮುಖ್ಯ. ಮನೆಯಲ್ಲೇ ಅಡುಗೆ ಮಾಡುತ್ತಿದ್ದ ರಾತ್ರಿಯ ಜಾಗಕ್ಕೆ ಬಂದರೆ ಖರ್ಚು ಏರುತ್ತದೆ. ಹೇಗೂ ಹೊರಗಿನಿಂದ ತರಿಸುತ್ತಿದ್ದ ರಾತ್ರಿಯ ಜಾಗಕ್ಕೆ ಬಂದರೆ ಇಳಿಯುತ್ತದೆ. ಒಂದು ತಿಂಗಳ ಬಿಲ್ ತೆಗೆದು, ಹೊರಗಿನ ಊಟ ಎಷ್ಟು ಸಲ ಅಂತ ಎಣಿಸಿ. ಆ ಸಂಖ್ಯೆಗಿಂತ ಜಾಸ್ತಿ ಕಿಟ್ ತರಿಸಿದರೆ ದುಡ್ಡು ಉಳಿಯುವ ಮಾತೇ ಇಲ್ಲ.

ಲೆಕ್ಕ ಮಾಡುವಾಗ ‘ಒಂದು ಊಟಕ್ಕೆ ಇಷ್ಟು’ ಎಂದು ದೊಡ್ಡದಾಗಿ ಬರೆದ ಬೆಲೆ ನಂಬಬೇಡಿ. ಅದು ಬಹಳ ಸಲ ದೊಡ್ಡ ಬಾಕ್ಸ್‌ನ ಬೆಲೆ. ನಿಮ್ಮ ಕೊನೆಯ ಬಿಲ್‌ನ ಮೊತ್ತವನ್ನು, ಡೆಲಿವರಿ ಮತ್ತು ಟ್ಯಾಕ್ಸ್ ಸೇರಿಸಿ, ನೀವು ನಿಜವಾಗಿ ಉಂಡ ಊಟಗಳ ಸಂಖ್ಯೆಯಿಂದ ಭಾಗಿಸಿ. ‘ಉಂಡ’ ಅನ್ನುವುದನ್ನು ಬೇಕೆಂದೇ ಬರೆದಿದ್ದೇನೆ. ಫ್ರಿಜ್‌ನಲ್ಲೇ ಬಾಡಿ ಕಸಕ್ಕೆ ಹೋದ ಊಟದ ಬೆಲೆಯನ್ನು ಉಂಡವೇ ಹೊರಬೇಕು.

ಒಂದು ಕಡೆ ಮಾತ್ರ ಅಂಗಡಿಗಿಂತ ಕಿಟ್ ಅಗ್ಗ ಆಗಬಹುದು. ಹೊಸ ಥರದ ಅಡುಗೆಗೆ ಎರಡು ಚಮಚ ಸಾಸ್, ಒಂದು ಚಿಟಿಕೆ ಯಾವುದೋ ಮಸಾಲೆ ಬೇಕು ಅಂದುಕೊಳ್ಳಿ. ಅಂಗಡಿಯಲ್ಲಿ ಇಡೀ ಬಾಟಲಿಯನ್ನೇ ಕೊಳ್ಳಬೇಕು. ಆ ಬಾಟಲಿ ಆಮೇಲೆ ಫ್ರಿಜ್ ಬಾಗಿಲಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಕಿಟ್‌ನಲ್ಲಿ ಬೇಕಾದಷ್ಟೇ ಬರುತ್ತದೆ. ಹಾಗಾಗಿ ಕಿಟ್ ತರಿಸುವುದಾದರೆ ನಿಮಗೆ ಗೊತ್ತಿಲ್ಲದ, ಸಾಮಾನು ಜಾಸ್ತಿ ಬೇಡುವ ಅಡುಗೆಗಳನ್ನೇ ಆರಿಸಿ. ಮನೆಯಲ್ಲಿ ಕಣ್ಣು ಮುಚ್ಚಿ ಮಾಡುವ ಅಡುಗೆಯನ್ನು ಬಾಕ್ಸ್‌ನಲ್ಲಿ ತರಿಸುವುದು ಸುಮ್ನೆ ದುಡ್ಡು ಸುರಿದಂತೆ.

ಮೊದಲ ಬಾಕ್ಸ್‌ಗೆ ಭಾರಿ ಡಿಸ್ಕೌಂಟ್ ಇದೆ. ತೆಗೆದುಕೊಳ್ಳಲಾ?

ತೆಗೆದುಕೊಳ್ಳಿ, ಆದರೆ ಆ ಬೆಲೆಗೆ ತೀರ್ಮಾನ ಮಾಡಬೇಡಿ. ಮೊದಲ ಬಾಕ್ಸ್ ಅರ್ಧ ಬೆಲೆಗೆ, ಮುಂದಿನ ಮೂರಕ್ಕೆ ಕಾಲು ಭಾಗ ಕಡಿತ ಅಂದುಕೊಳ್ಳಿ. ನಾಲ್ಕೂ ಸೇರಿ ಸರಾಸರಿ ಶೇಕಡಾ 31ರಷ್ಟು ಕಡಿಮೆ ಕೊಟ್ಟಿರುತ್ತೀರಿ. ಐದನೇ ಬಾಕ್ಸ್ ಪೂರ್ತಿ ಬೆಲೆಗೆ ಬಂದಾಗ ಅದು ನಾಲ್ಕನೆಯದಕ್ಕಿಂತ ಮೂರನೇ ಒಂದು ಪಾಲು ದುಬಾರಿ. ಊಟ ಮಾತ್ರ ಅದೇ. ಆದ್ದರಿಂದ ಮೊದಲ ದಿನವೇ ಪೂರ್ತಿ ಬೆಲೆ ನೋಡಿ ಬರೆದಿಟ್ಟುಕೊಳ್ಳಿ, ಈ ಬೆಲೆಗೂ ತರಿಸುತ್ತಿದ್ದೆನಾ ಎಂದು ಕೇಳಿಕೊಳ್ಳಿ.

ಚಂದಾ ನಿಲ್ಲಿಸುವುದು ಕಷ್ಟವಾ?

ನಿಲ್ಲಿಸುವುದಕ್ಕಿಂತ ನೆನಪಿಟ್ಟುಕೊಳ್ಳುವುದು ಕಷ್ಟ. ಹೆಚ್ಚಿನ ಕಿಟ್ ಸೇವೆಗಳು ವಾರವಾರವೂ ತಾವಾಗಿಯೇ ಬಾಕ್ಸ್ ಕಳಿಸುತ್ತವೆ. ಬೇಡ ಅಂದರೆ ನೀವೇ ಹೇಳಬೇಕು, ಅದೂ ಬಾಕ್ಸ್ ಬರುವ ಕೆಲವು ದಿನ ಮೊದಲೇ. ಆ ಗಡುವು ಮೀರಿದರೆ ದುಡ್ಡು ನಿಮ್ಮ ಬ್ಯಾಂಕ್ ಕಾರ್ಡ್‌ನಿಂದ ಹೋಗುತ್ತದೆ, ಅಡುಗೆಗಳನ್ನೂ ಅವರೇ ಆರಿಸುತ್ತಾರೆ. ನೀವು ಊರಲ್ಲಿ ಇಲ್ಲದ ವಾರ ಬಾಗಿಲಲ್ಲಿ ಬಾಕ್ಸ್ ಕೂತಿರುವುದು ಹೀಗೆ.

ಸೇರಿದ ದಿನವೇ ಎರಡು ಕೆಲಸ ಮಾಡಿ. ಗಡುವಿನ ಹಿಂದಿನ ದಿನಕ್ಕೆ ಫೋನ್‌ನಲ್ಲಿ ಪ್ರತಿ ವಾರದ ರಿಮೈಂಡರ್ ಇಡಿ. ಮುಂದಿನ ಎಷ್ಟು ವಾರಗಳವರೆಗೆ ‘ಬೇಡ’ ಒತ್ತಲು ಬಿಡುತ್ತಾರೋ ಅಷ್ಟನ್ನೂ ಒತ್ತಿಬಿಡಿ, ಬೇಕೆನಿಸಿದ ವಾರ ಮಾತ್ರ ಮತ್ತೆ ತೆರೆಯಿರಿ. ಹೀಗೆ ಮಾಡಿದರೆ ಮರೆವಿನಿಂದ ಬಾಕ್ಸ್ ಬರುವುದಿಲ್ಲ, ಬೇಕಾದಾಗ ಮಾತ್ರ ಬರುತ್ತದೆ. ಇನ್ನು ‘ತಾತ್ಕಾಲಿಕವಾಗಿ ನಿಲ್ಲಿಸಿ’ ಮತ್ತು ‘ರದ್ದು ಮಾಡಿ’ ಎರಡೂ ಬೇರೆ ಬೇರೆ. ರದ್ದು ಮಾಡಿದ ಮೇಲೆ ಅದನ್ನು ತಿಳಿಸುವ ಇಮೇಲ್ ಬಂತಾ ನೋಡಿಕೊಳ್ಳಿ.

ನಾನು ಒಬ್ಬನೇ ಇದ್ದರೆ ಹೇಗೆ? ಮನೆಯಲ್ಲಿ ಮೂವರಿದ್ದರೆ ಹೇಗೆ?

ಕಿಟ್‌ಗಳು ಸಾಮಾನ್ಯವಾಗಿ ಇಬ್ಬರಿಗೆ ಅಥವಾ ನಾಲ್ವರಿಗೆ. ಒಬ್ಬರೇ ಇದ್ದರೆ ಇಬ್ಬರದನ್ನು ತರಿಸಿ, ಉಳಿದ ಪಾಲನ್ನು ಮರುದಿನ ಮಧ್ಯಾಹ್ನಕ್ಕೆ ಡಬ್ಬಿಗೆ ಹಾಕಿಕೊಳ್ಳಬಹುದು. ಅಡುಗೆ ಒಂದು, ಊಟ ಎರಡು. ನನ್ನ ಪ್ರಕಾರ ಕಿಟ್ ಅತಿ ಚೆನ್ನಾಗಿ ಹೊಂದುವುದು ಒಂಟಿಯಾಗಿರುವವರಿಗೇ. ಒಬ್ಬರಿಗೆಂದು ಸೊಪ್ಪು ತಂದರೆ ಮುಕ್ಕಾಲು ಕಟ್ಟು ಕೊಳೆಯುವುದು ಅವರಿಗೆ ಚೆನ್ನಾಗಿ ಗೊತ್ತು.

ಮೂವರಿದ್ದರೆ ಪೇಚು. ಇಬ್ಬರದು ಸಾಲದು, ನಾಲ್ವರದು ಉಳಿಯುತ್ತದೆ. ಇಬ್ಬರದಕ್ಕೆ ಮನೆಯಲ್ಲಿರುವ ಅನ್ನವನ್ನೋ ಬ್ರೆಡ್ಡನ್ನೋ ಬೇಯಿಸಿದ ಮೊಟ್ಟೆಯನ್ನೋ ಸೇರಿಸಿ ಸರಿದೂಗಿಸುವವರಿದ್ದಾರೆ. ಬೆಳೆಯುವ ಹುಡುಗರಿರುವ ಮನೆಯಲ್ಲಿ ಕಿಟ್‌ನವರ ಅಳತೆ ಯಾವತ್ತೂ ಸಾಲುವುದಿಲ್ಲ.

ಅಡುಗೆಯೇ ಬಾರದವರಿಗೆ ಕಿಟ್ ಒಳ್ಳೆಯದಾ?

ಒಳ್ಳೆಯದು, ಒಂದಷ್ಟು ಕಾಲ. ಹೊಸಬರನ್ನು ಹೆದರಿಸುವುದು ಅಳತೆ: ಎಷ್ಟು ಉಪ್ಪು, ಎಷ್ಟು ನೀರು, ಎಷ್ಟು ಹೊತ್ತು. ಕಿಟ್ ಆ ಹೆದರಿಕೆ ಕಳೆಯುತ್ತದೆ. ಒಂದು ಹೊಸ ಅಡುಗೆ ಮೊದಲ ಸಲವೇ ತಿನ್ನುವಂತಾದರೆ ಧೈರ್ಯ ಬರುತ್ತದೆ.

ಆದರೆ ಅಳತೆ ಮಾಡಿಕೊಟ್ಟದ್ದರಿಂದಲೇ ಕಲಿಯದೆ ಉಳಿಯುವುದೂ ಇದೆ. ಅಂಗಡಿಯಲ್ಲಿ ಒಳ್ಳೆಯ ಟೊಮೆಟೊ ಆರಿಸುವುದು, ಉಳಿದ ಅರ್ಧ ಎಲೆಕೋಸನ್ನು ನಾಳೆಗೆ ಹೊಂದಿಸುವುದು, ಒಂದು ಸಾಮಾನು ಇಲ್ಲದಿದ್ದರೆ ಇನ್ನೊಂದು ಹಾಕುವುದು. ದಿನದ ಅಡುಗೆ ಅಂದರೆ ಮುಖ್ಯವಾಗಿ ಇದೇ. ಕಿಟ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ. ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳ ಹಾಗೆ, ಬಿಚ್ಚುವ ದಿನ ಬರಬೇಕು.

ಬಿಚ್ಚುವುದು ಹೇಗೆ ಅಂದರೆ: ಒಂದು ಕಿಟ್ ಅಡುಗೆ ಇಷ್ಟವಾದರೆ ಎರಡನೇ ಸಲ ಅದನ್ನು ತರಿಸಬೇಡಿ. ಕಾರ್ಡ್ ಇಟ್ಟುಕೊಂಡು ಅಂಗಡಿಯಿಂದ ಸಾಮಾನು ತಂದು ಮಾಡಿ. ಸಾಸ್ ಮಾತ್ರ ‘ನಮ್ಮ ವಿಶೇಷ ಸಾಸ್’ ಅಂತಿದ್ದರೆ ಪ್ಯಾಕೆಟ್ ಹಿಂದಿನ ಪಟ್ಟಿ ನೋಡಿ. ಪ್ಯಾಕೆಟ್ ಮೇಲಿನ ಪಟ್ಟಿಯಲ್ಲಿ ಸಾಮಾನುಗಳನ್ನು ತೂಕದ ಪ್ರಕಾರ, ಜಾಸ್ತಿಯಿಂದ ಕಡಿಮೆಗೆ ಬರೆಯುವುದು ರೂಢಿ. ಮೊದಲ ಮೂರು ನಾಲ್ಕು ಹೆಸರು ಗೊತ್ತಾದರೆ ಹತ್ತಿರದ ರುಚಿ ತರಬಹುದು.

ಕಿಟ್‌ನಿಂದ ಆಹಾರ ಪೋಲಾಗುವುದು ಕಡಿಮೆಯಾಗುತ್ತದೆ ಅನ್ನುತ್ತಾರೆ. ನಿಜವಾ?

ಬಹುಮಟ್ಟಿಗೆ ನಿಜ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ. ಹೋಟೆಲ್, ಅಂಗಡಿಗಳ ಪಾಲು ಉಳಿದದ್ದು ಮಾತ್ರ. ತಲಾ ಲೆಕ್ಕದಲ್ಲಿ ಮನೆಯ ಪೋಲು ವರ್ಷಕ್ಕೆ ಸುಮಾರು 79 ಕಿಲೋ. ಬೇಕಾದಷ್ಟೇ ಅಳೆದು ಬಂದರೆ ಇದು ಇಳಿಯುವುದು ಸಹಜ.

ಆದರೆ ಒಂದು ಷರತ್ತು: ಬಂದದ್ದನ್ನು ಆ ವಾರವೇ ಬೇಯಿಸಬೇಕು. ಮೂರು ಊಟ ತರಿಸಿ ಎರಡು ಮಾಡಿ, ಮೂರನೆಯ ದಿನ ಗೆಳೆಯರ ಜೊತೆ ಹೊರಗೆ ಉಂಡು ಬಂದರೆ ಪೋಲು ಎಲ್ಲಿ ಕಡಿಮೆಯಾಯಿತು?

ಅಷ್ಟೊಂದು ಪ್ಲಾಸ್ಟಿಕ್! ಪರಿಸರಕ್ಕೆ ಇದು ಕೆಟ್ಟದ್ದಲ್ವಾ?

ಎಲ್ಲರ ಮನಸ್ಸಿನಲ್ಲೂ ಈ ಪ್ರಶ್ನೆ ಇರುತ್ತದೆ. ಒಂದು ಚಮಚ ಎಳ್ಳಿಗೆ ಒಂದು ಪ್ಯಾಕೆಟ್, ಎರಡು ಎಸಳು ಬೆಳ್ಳುಳ್ಳಿಗೆ ಇನ್ನೊಂದು. ಕಿಟ್ ಮಾಡಿದ ರಾತ್ರಿ ಕಸದ ಬುಟ್ಟಿ ನೋಡಿದರೆ ಬೇಜಾರಾಗುತ್ತದೆ.

2019ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿದರು. ಐದು ಊಟಗಳನ್ನು ಕಿಟ್‌ನಿಂದಲೂ ಅಂಗಡಿ ಸಾಮಾನಿನಿಂದಲೂ ಮಾಡಿ, ಹೊಲದಿಂದ ಕಸದ ತೊಟ್ಟಿಯವರೆಗೆ ಲೆಕ್ಕ ಹಾಕಿದರು. ಕಿಟ್‌ನಲ್ಲಿ ಪ್ಯಾಕಿಂಗ್ ಕಸ ಜಾಸ್ತಿಯೇ ಇತ್ತು. ಆದರೂ ವಾತಾವರಣ ಬಿಸಿ ಮಾಡುವ ಅನಿಲಗಳ ಒಟ್ಟು ಲೆಕ್ಕದಲ್ಲಿ ಅಂಗಡಿಯ ಊಟದ್ದೇ ಸರಾಸರಿ ಶೇಕಡಾ 33ರಷ್ಟು ಜಾಸ್ತಿ ಇತ್ತು. ಕಾರಣ ಪೋಲು. ಕಣ್ಣಿಗೆ ಕಾಣುವ ಪ್ಲಾಸ್ಟಿಕ್‌ಗಿಂತ ಎಸೆದ ಆಹಾರವನ್ನು ಬೆಳೆಯಲು ಸುರಿದ ನೀರು, ಗೊಬ್ಬರ, ಇಂಧನ ದೊಡ್ಡದು. ಅಂಗಡಿಯಲ್ಲೂ ಮಾರಾಟವಾಗದೆ ಕೊಳೆಯುವುದಿದೆ. ಒಬ್ಬೊಬ್ಬರೂ ಕಾರಿನಲ್ಲಿ ಅಂಗಡಿಗೆ ಹೋಗಿ ಬರುವುದಕ್ಕಿಂತ ಒಂದು ವ್ಯಾನ್ ಹತ್ತಾರು ಮನೆಗೆ ಹೋಗುವುದೂ ಕಡಿಮೆ ಖರ್ಚಿನದು.

ಇದನ್ನು ಓದಿ ಕಿಟ್ ಅಂದರೆ ಹಸಿರು ಅಂತ ಸಂಭ್ರಮಿಸಬೇಕಾಗಿಲ್ಲ. ಅಂಗಡಿಗೆ ನಡೆದೇ ಹೋಗುವವರಿಗೆ, ಬಿಡಿಯಾಗಿ ಬೇಕಾದಷ್ಟೇ ತೂಗಿಸಿಕೊಳ್ಳುವವರಿಗೆ, ಉಳಿದದ್ದನ್ನು ಮರುದಿನ ಬಳಸುವವರಿಗೆ ಈ ಲೆಕ್ಕ ತಿರುಗಿಬಿಡುತ್ತದೆ. ಅವರ ಮನೆಯಲ್ಲಿ ಕಡಿಮೆ ಮಾಡಲು ಪೋಲೇ ಇಲ್ಲ, ಕಿಟ್‌ನಿಂದ ಪ್ಲಾಸ್ಟಿಕ್ ಮಾತ್ರ ಸೇರುತ್ತದೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಮಾತು: ಕಿಟ್ ಆಗಲಿ ಅಂಗಡಿಯಾಗಲಿ, ದನದ ಮಾಂಸದ ಊಟದ ಹೊರೆಯೇ ಎಲ್ಲಕ್ಕಿಂತ ಭಾರ. ಬಾಕ್ಸ್‌ಗಿಂತ ಬಾಕ್ಸ್ ಒಳಗೆ ಏನಿದೆ ಅನ್ನುವುದು ದೊಡ್ಡದು.

ಐಸ್ ಪ್ಯಾಕ್‌ಗಳನ್ನು ಏನು ಮಾಡಲಿ?

ಮೊದಲು ಮೇಲೆ ಏನು ಬರೆದಿದೆ ಓದಿ. ಬರೀ ನೀರು ಅಂತಿದ್ದರೆ ಕತ್ತರಿಸಿ ಗಿಡಕ್ಕೆ ಸುರಿಯಬಹುದು. ಜೆಲ್ ಇದ್ದರೆ ಅದು ಹೆಚ್ಚಾಗಿ ನೀರಿನ ಜೊತೆ ಸೋಡಿಯಂ ಪಾಲಿಅಕ್ರಿಲೇಟ್. ಮಕ್ಕಳ ಡೈಪರ್‌ನಲ್ಲಿ ನೀರು ಹೀರುವ ಪುಡಿ ಇರುತ್ತದಲ್ಲ, ಅದೇ. ಸಿಂಕ್‌ಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತದೆ. ಜೆಲ್ಲನ್ನು ಕಸಕ್ಕೆ ಹಾಕಿ, ಹೊರಗಿನ ಕವರ್ ತೊಳೆದು ಬೇರೆ ಮಾಡಿ. ಎರಡು ಮೂರನ್ನು ಫ್ರೀಜರ್‌ನಲ್ಲಿ ಇಟ್ಟುಕೊಂಡರೆ ಪ್ರಯಾಣಕ್ಕೋ ಉಳುಕಿದ ಕಾಲಿಗೋ ಬರುತ್ತವೆ. ಆಮೇಲೆ ಬಂದವುಗಳಿಗೆ ಫ್ರೀಜರ್‌ನಲ್ಲಿ ಜಾಗ ಇರುವುದಿಲ್ಲ.

ಬಾಕ್ಸ್ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ. ಕೆಡುವುದಿಲ್ಲವಾ?

ಕೆಡಬಹುದು. ಬೇಗ ಕೆಡುವ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಮಾಂಸ, ಮೀನು, ಹಾಲಿನ ಪದಾರ್ಥ ಆ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗಿನ ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ.

ಒಳ್ಳೆಯ ಪ್ಯಾಕಿಂಗ್ ಇದ್ದರೆ ಬಾಕ್ಸ್ ಹಲವು ಗಂಟೆ ತಡೆಯುತ್ತದೆ. ಆದರೆ ಬಿಸಿಲು ಬೀಳುವ ಬಾಗಿಲು, ತಡವಾದ ವ್ಯಾನ್, ಎರಡೂ ಸೇರಿದರೆ ಯಾವ ಪ್ಯಾಕಿಂಗೂ ತಡೆಯುವುದಿಲ್ಲ. ಐಸ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿದೆಯಾ ಮುಟ್ಟಿ ನೋಡಿ. ಅಡುಗೆಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಮಾಂಸದ ಎರಡು ಪ್ಯಾಕೆಟ್ ನಡುವೆ ಇಟ್ಟು ನೋಡಿ. ಅನುಮಾನ ಬಂದರೆ ಬೇಯಿಸಬೇಡಿ, ವಾಸನೆ ನೋಡಿ ತೀರ್ಮಾನ ಮಾಡುವುದೂ ಬೇಡ. ರೋಗ ತರುವ ಬ್ಯಾಕ್ಟೀರಿಯಾ ಎಷ್ಟೋ ಸಲ ವಾಸನೆ ಬರಿಸುವುದಿಲ್ಲ. ಫೋಟೋ ತೆಗೆದು ಕಂಪನಿಗೆ ಕಳಿಸಿ, ದುಡ್ಡು ವಾಪಸ್ ಕೇಳಿ.

ಮನೆಗೆ ಬಂದ ಮೇಲೆ ಬೇಯಿಸುವ ಸರದಿಯೂ ಮುಖ್ಯ. ಮೀನು ಮೊದಲ ದಿನ. ಸೊಪ್ಪು, ಅಣಬೆ ಇರುವ ಊಟ ಆಮೇಲೆ. ಗಡ್ಡೆ, ಬೇಳೆ, ಪಾಸ್ತಾ ಇರುವುದು ಕೊನೆಗೆ. ನಾಲಿಗೆ ಕೇಳಿದ್ದನ್ನು ಮೊದಲು ಮಾಡಿದರೆ ಕೊನೆಯ ದಿನ ಬಾಡಿದ ಸೊಪ್ಪೇ ಗತಿ.

ಆರೋಗ್ಯಕ್ಕೆ ಮನೆಯೂಟದಷ್ಟೇ ಒಳ್ಳೆಯದಾ?

ತರಕಾರಿ ತಾಜಾ ಇರುತ್ತದೆ, ಅಳತೆ ಮಿತವಾಗಿರುತ್ತದೆ. ನೋಡಬೇಕಾದದ್ದು ಉಪ್ಪು. ಸಾಸ್, ಸೂಪ್ ಪುಡಿ, ಮಸಾಲೆ ಮಿಶ್ರಣದಲ್ಲಿ ಅದು ಅಡಗಿ ಕೂತಿರುತ್ತದೆ. ಅದರ ಮೇಲೆ ಕಾರ್ಡ್ ‘ರುಚಿಗೆ ಉಪ್ಪು ಹಾಕಿ’ ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚದಷ್ಟು. ಕಾರ್ಡ್‌ನಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿದ್ದರೆ ಎರಡೂವರೆಯಿಂದ ಗುಣಿಸಿ. 1,200 ಮಿಲಿಗ್ರಾಂ ಸೋಡಿಯಂ ಅಂದರೆ 3 ಗ್ರಾಂ ಉಪ್ಪು, ಒಂದೇ ಊಟಕ್ಕೆ ದಿನದ ಅರ್ಧಕ್ಕಿಂತ ಜಾಸ್ತಿ. ಮಸಾಲೆ ಪ್ಯಾಕೆಟ್‌ನ ಅರ್ಧ ಹಾಕಿ ರುಚಿ ನೋಡಿ, ಬೇಕಾದರೆ ಉಳಿದದ್ದು ಹಾಕಿ. ಕೈಯಿಂದ ಬೇರೆ ಉಪ್ಪು ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಮೆನು ಆರಿಸುವ ಮುಂಚೆಯೇ ಈ ಅಂಕಿ ನೋಡಬೇಕು.

ಅಲರ್ಜಿ ಇದ್ದರೆ?

ಎಚ್ಚರ. ಕಡಲೆಕಾಯಿ ಇಲ್ಲದ ಊಟ ಆರಿಸಿದರೂ ಅದನ್ನು ಪ್ಯಾಕ್ ಮಾಡಿದ ಜಾಗದಲ್ಲೇ ಕಡಲೆಕಾಯಿ ಇರಬಹುದು. ಜೀವಕ್ಕೆ ಅಪಾಯವಾಗುವಷ್ಟು ಅಲರ್ಜಿ ಇರುವವರು ಪ್ಯಾಕಿಂಗ್ ಬಗ್ಗೆ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಸ್ಪಷ್ಟ ಉತ್ತರ ಬರದಿದ್ದರೆ ಕಿಟ್ ಬೇಡ. ಸಾಮಾನು ಮುಗಿದಾಗ ಒಂದರ ಬದಲು ಇನ್ನೊಂದು ಕಳಿಸುವುದೂ ಉಂಟು. ಅದಕ್ಕೇ ಪ್ರತಿ ಪ್ಯಾಕೆಟ್‌ನ ಲೇಬಲ್ ಪ್ರತಿ ಸಲವೂ ಓದಿ.

ಈ ಕಂಪನಿಗಳು ನಿಲ್ಲುತ್ತವಾ? ವರ್ಷದ ದುಡ್ಡು ಮೊದಲೇ ಕಟ್ಟಬಹುದಾ?

ಕಟ್ಟಬೇಡಿ. ಈಗಿನ ರೂಪದ ಮೀಲ್ ಕಿಟ್ 2007ರ ಹೊತ್ತಿಗೆ ಸ್ವೀಡನ್‌ನಲ್ಲಿ ಶುರುವಾಯಿತು. 2011ರಲ್ಲಿ ಬರ್ಲಿನ್‌ನಲ್ಲಿ ಹಲೋಫ್ರೆಶ್, 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ಲೂ ಏಪ್ರನ್ ಬಂದವು. ಬ್ಲೂ ಏಪ್ರನ್ 2017ರ ಜೂನ್‌ನಲ್ಲಿ ಷೇರು ಮಾರುಕಟ್ಟೆಗೆ ಇಳಿದಾಗ ಅದರ ಬೆಲೆ ಸುಮಾರು 190 ಕೋಟಿ ಡಾಲರ್. 2023ರಲ್ಲಿ ಅದು ಇನ್ನೊಂದು ಕಂಪನಿಗೆ ಮಾರಾಟವಾದದ್ದು ಸುಮಾರು 10.3 ಕೋಟಿ ಡಾಲರ್‌ಗೆ. ಶೆಫ್ಡ್ ಎಂಬ ಇನ್ನೊಂದು ಅಮೆರಿಕನ್ ಕಂಪನಿ 2018ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು.

ಕಾರಣ ಊಹಿಸುವುದು ಕಷ್ಟವಲ್ಲ. ಡಿಸ್ಕೌಂಟ್ ಕೊಟ್ಟು ಜನರನ್ನು ಸೇರಿಸಿಕೊಳ್ಳಬೇಕು. ಡಿಸ್ಕೌಂಟ್ ಮುಗಿದ ಮೇಲೆ ಅವರಲ್ಲಿ ಬಹಳ ಜನ ಹೋಗುತ್ತಾರೆ. ಮತ್ತೆ ಹೊಸಬರನ್ನು ಹುಡುಕಬೇಕು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಲ್ಲಿ ಕೂತಾಗ ಬೇಡಿಕೆ ಏರಿತು, ಹೊರಗೆ ಓಡಾಡಲು ಶುರು ಮಾಡಿದ ಮೇಲೆ ಇಳಿಯಿತು. ದಿನದ ಅಡುಗೆಗೆ ಕಿಟ್ ನಿಜವಾಗಿಯೂ ಹೊಂದುತ್ತಿದ್ದರೆ ಇಷ್ಟು ಜನ ಬಿಟ್ಟು ಹೋಗುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. ನೀವು ವಾರವಾರ ಕೊಟ್ಟರೆ ಸಾಕು, ದೊಡ್ಡ ಗಿಫ್ಟ್ ಕಾರ್ಡ್ ಕೊಂಡು ಇಟ್ಟುಕೊಳ್ಳಬೇಡಿ.

ಮನೆಯಲ್ಲೇ ಕಿಟ್ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು, ನನಗೆ ಹೆಚ್ಚು ಇಷ್ಟವಾಗುವುದು ಇದೇ. ಕಿಟ್‌ನಿಂದ ಕಲಿಯಬೇಕಾದ ಉಪಾಯ ಒಂದೇ: ಯೋಚಿಸುವುದನ್ನೂ ಅಳೆಯುವುದನ್ನೂ ಬೇಯಿಸುವ ಹೊತ್ತಿನಿಂದ ಬೇರೆ ಮಾಡುವುದು. ಅದಕ್ಕೆ ಕಂಪನಿ ಬೇಕಾಗಿಲ್ಲ.

ರಜೆಯ ದಿನ ಮುಂದಿನ ವಾರದ ಮೂರು ಅಡುಗೆ ಮಾತ್ರ ತೀರ್ಮಾನ ಮಾಡಿ. ಏಳಕ್ಕೆ ಹೋಗಬೇಡಿ, ನಡೆಯುವುದಿಲ್ಲ. ಮೂರಕ್ಕೂ ಬೇಕಾದದ್ದನ್ನು ಒಂದೇ ಸಲ ತನ್ನಿ. ಪ್ರತಿ ಅಡುಗೆಯ ಒಣ ಮಸಾಲೆಗಳನ್ನು ಅಳೆದು ಒಂದೊಂದು ಪುಟ್ಟ ಡಬ್ಬಿಗೆ ಹಾಕಿ, ಮೇಲೆ ಅಡುಗೆಯ ಹೆಸರು ಬರೆದು ಅಂಟಿಸಿ. ಈರುಳ್ಳಿ, ಕ್ಯಾರೆಟ್, ಬೀನ್ಸ್ ಹೆಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿದರೆ ಮೂರು ದಿನಕ್ಕೆ ಮೋಸವಿಲ್ಲ. ಈರುಳ್ಳಿ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ಹಾಲಿಗೂ ಅದೇ ವಾಸನೆ. ಹೆಚ್ಚಿದ ಆಲೂಗಡ್ಡೆ ಕಪ್ಪಾಗುತ್ತದೆ. ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟರೆ ಒಂದು ದಿನ ಇರುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಟೊಮೆಟೊ, ಸೊಪ್ಪು ಆ ದಿನವೇ ಹೆಚ್ಚಿ.

ಒಂದು ಅಡುಗೆಯದ್ದೆಲ್ಲ ಒಂದೇ ಟ್ರೇಯಲ್ಲಿ ಇಡುವುದನ್ನು ಮರೆಯಬೇಡಿ. ಸಂಜೆ ಫ್ರಿಜ್ ತೆರೆದು ಒಂದು ಟ್ರೇ ಎಳೆದರೆ ಸಾಕು, ಹುಡುಕುವುದಿಲ್ಲ, ಯೋಚಿಸುವುದಿಲ್ಲ. ಬೇರೆಯವರು ಬೇಯಿಸಲು ಒಪ್ಪುವುದೂ ಸುಲಭವಾಗುತ್ತದೆ. ‘ಏನು ಮಾಡಲಿ, ಎಲ್ಲಿದೆ’ ಎಂದು ಕೇಳುತ್ತಿದ್ದ ಮನೆಯವರ ಕೈಗೆ ಟ್ರೇ ಕೊಟ್ಟುಬಿಡಿ. ಅಡುಗೆಯ ಹೊರೆ ಒಬ್ಬರ ಮೇಲೇ ಬೀಳಲು ಬಹಳ ಸಲ ಕಾರಣ ಬೇಯಿಸಲು ಬಾರದಿರುವುದಲ್ಲ, ಯಾವ ಸಾಮಾನು ಎಲ್ಲಿದೆ ಅನ್ನುವುದು ಒಬ್ಬರ ತಲೆಯಲ್ಲಿ ಮಾತ್ರ ಇರುವುದು.

ಹಾಗಾದರೆ ಯಾರು ತರಿಸಬೇಕು, ಯಾರು ಬಿಡಬೇಕು?

ಹೊಸ ಕೆಲಸ, ಹೊಸ ಮನೆ, ಮಗು ಹುಟ್ಟಿದ ಮೊದಲ ತಿಂಗಳುಗಳು, ಇಂಥ ಹೊತ್ತಲ್ಲಿ ಒಂದೆರಡು ತಿಂಗಳು ತರಿಸಿ ಬಿಟ್ಟರೆ ದುಡ್ಡು ದಂಡವಾಗುವುದಿಲ್ಲ. ವಾರದಲ್ಲಿ ಮೂರ್ನಾಲ್ಕು ರಾತ್ರಿ ಹೊರಗಿನ ಊಟ ಮಾಡುತ್ತಿರುವವರೂ ತರಿಸಬಹುದು. ಅಡುಗೆ ಚೆನ್ನಾಗಿ ಬರುವವರು, ದೊಡ್ಡ ಸಂಸಾರದವರು, ಮನೆಗೆ ಬರುವ ಹೊತ್ತು ದಿನಕ್ಕೊಂದು ಥರ ಇರುವವರು ಬಿಡಿ. ಕೊನೆಯವರಿಗಂತೂ ಕಿಟ್ ದೊಡ್ಡ ತಲೆನೋವು. ಇವತ್ತೇ ಬೇಯಿಸು ಎಂದು ಫ್ರಿಜ್‌ನಲ್ಲಿ ಕೂತು ಒತ್ತಾಯ ಮಾಡುತ್ತಿರುತ್ತದೆ.

ಚಂದಾ ನಿಲ್ಲಿಸಿದೆ. ಕಾರ್ಡ್‌ಗಳನ್ನು ಎಸೆಯಲಾ?

ಬೇಡ. ಚೆನ್ನಾಗಿ ಬಂದ ಅಡುಗೆಗಳ ಕಾರ್ಡ್ ಮಾತ್ರ ಉಳಿಸಿ, ಉಳಿದವು ಹೋಗಲಿ. ಉಳಿಸಿದ್ದರ ಹಿಂದೆ ಪೆನ್ನಿನಲ್ಲಿ ಮೂರು ವಿಷಯ ಬರೆಯಿರಿ: ನಿಮಗೆ ನಿಜವಾಗಿ ಹಿಡಿದ ಸಮಯ, ಯಾವುದು ಜಾಸ್ತಿ ಅಥವಾ ಕಡಿಮೆ ಅನಿಸಿತು, ಪ್ಯಾಕೆಟ್‌ನ ಸಾಸ್ ಬದಲು ಮನೆಯಲ್ಲಿ ಏನು ಹಾಕಬಹುದು. ಹಲವು ಕಂಪನಿಗಳು ರೆಸಿಪಿಗಳನ್ನು ತಮ್ಮ ವೆಬ್‌ಸೈಟ್‌ನಲ್ಲೂ ಉಚಿತವಾಗಿ ಹಾಕಿರುತ್ತವೆ. ಕಾರ್ಡ್ ಎಣ್ಣೆ ಬಿದ್ದು ಹಾಳಾಗಿದ್ದರೆ ಅಲ್ಲಿ ಹುಡುಕಿ.